ಕೊಪ್ಪರಿಗೆ ಬಿಟ್ಟು ಏಳುವವಳಲ್ಲ

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಈಸ್ಟರ್‌ಗೆ ಮುಂಚಿನ ಏಳು ವಾರದ ಉಪವಾಸ ಮುಗಿಯುತ್ತಿದ್ದಾಗ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಅಷ್ಟು ದಿನ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಬರೀ ಬೀನ್ಸ್ ಕಾಳಿನ ಸಾರು. ಕೊಲೆಸ್ಟ್ರಾಲ್ ಇಳಿಯದೆ ಇನ್ನೇನು ಮಾಡೀತು? ನಾನೋ, ದೇವರೇ ವಾಸಿ ಮಾಡಿದ ಎಂದು ಮಾತ್ರೆಗಳನ್ನು ಒಲೆಗೆ ಎಸೆದೆ. ಅಕ್ಟೋಬರಿನಲ್ಲಿ ಮತ್ತೆ ನೋಡಿದರೆ ಮೊದಲಿಗಿಂತಲೂ ಮೇಲೆ ಹತ್ತಿ ಕೂತಿತ್ತು.

"ಅಜ್ಜಿ, ನೀವು ಉಪವಾಸದ ರಕ್ತ ತೋರಿಸಿ ನನ್ನೂ ನಿಮ್ಮನ್ನೂ ಏಮಾರಿಸಿದ್ರಿ. ವರ್ಷದ ಉಳಿದ ದಿನಗಳದ್ದು ಇದು," ಎಂದಳು ಡಾಕ್ಟರಮ್ಮ. "ಮಾತ್ರೆ ಬಿಡೋ ಹಾಗಿಲ್ಲ. ಹಂದಿ ಕೊಬ್ಬು ಬಾಯಿಗೆ ಹಾಕೋ ಹಾಗಿಲ್ಲ."

"ಆಯ್ತು ಕಣಮ್ಮ," ಎಂದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಆದರೆ ಕೊಪ್ಪರಿಗೆ ಬಿಡುತ್ತೇನೆ ಎಂದು ಯಾರು ಹೇಳಿದರು? ನವೆಂಬರಿನಲ್ಲಿ ಹಂದಿ ಕೊಯ್ದ ದಿನ ಕೊಬ್ಬು ಕರಗಿಸಿ ಚ್ವಾರ್ಚಿ ಎಂಬ ಗರಿಗರಿ ಕೊಬ್ಬಿನ ತುಂಡುಗಳನ್ನು ಹುರಿಯುವವಳು ಮೂವತ್ತೊಂದು ವರ್ಷದಿಂದ ನಾನೇ. ಈ ಸಲ ಅಂಗಳಕ್ಕೆ ಬಂದರೆ ನನ್ನ ಮರದ ಸಟ್ಟುಗ ಸೊಸೆ ಸ್ಮಿಲ್ಯಾಳ ಕೈಯಲ್ಲಿದೆ! ಮೈಯೆಲ್ಲ ಉರಿದುಹೋಯಿತು.

"ಅತ್ತೆ, ಒಳಗೆ ಬೆಚ್ಚಗೆ ಕೂತ್ಕೊಳ್ಳಿ. ಇಲ್ಲಿದ್ರೆ ತಿಂದೇ ತಿಂತೀರ."

ಮೈದುನ ವುಕೋಯೆ ಗ್ಲಾಸು ಹಿಡಿದು ನಕ್ಕ. "ರುಚಿ ನೋಡ್ದೆ ಹದ ಹೇಗೆ ಗೊತ್ತಾಗತ್ತೆ ಅತ್ತಿಗೆ? ಒಂದು ತಿಂದ್ರೆ ಸಾಯಲ್ಲ, ಬಾಯಿ ತೆಗೀರಿ."

"ನಿನ್ನ ಬಾಯಿ ಮುಚ್ಚು ಮೊದ್ಲು," ಎಂದೆ. "ಒಬ್ಬಳು ಮುಟ್ಟಬೇಡ ಅಂತಾಳೆ, ಒಬ್ಬ ತಿನ್ನು ಅಂತಾನೆ. ನನ್ನನ್ನ ಕೇಳೋರು ಯಾರೂ ಇಲ್ವಾ? ಸ್ಮಿಲ್ಯಾ, ಕೊಡೇ ಇಲ್ಲಿ."

ಕೊಡಲಿಲ್ಲ. ಕಿತ್ತುಕೊಂಡೆ. ಎಪ್ಪತ್ತಮೂರಾದರೂ ತೋಳಲ್ಲಿ ಕಸುವಿದೆ.

ತುಂಡುಗಳಿಗೆ ಹೊಂಬಣ್ಣ ಬರಲೆಂದು ಕೊನೆಯಲ್ಲಿ ಹಾಕುವ ಹಾಲು ಸುರಿದೆ. ನೊರೆ ಉಕ್ಕಿತು, ಇಳಿಯಿತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು, ಯಾವಾಗ ಬಾಯಿಗೆ ಹೋಗುತ್ತದೋ ಎಂದು. ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಕೊತಕೊತ ಎನ್ನುತ್ತಿದ್ದ ಕೊಬ್ಬು ಮೆಲ್ಲಗೆ ಮಾತು ಕಡಿಮೆ ಮಾಡಿತು. ತುಂಡುಗಳು ಕೊಪ್ಪರಿಗೆಯ ಅಂಚಿಗೆ ತಾಗಿ ಒಣಗಿದ ಜೋಳದ ಹಾಗೆ ಗಲಗಲ ಎಂದವು.

"ಇಳಿಸಿ!" ಎಂದು ಕೂಗಿದೆ.

"ಇನ್ನೂ ಆಗಿಲ್ಲ," ಎಂದ ವುಕೋಯೆ.

"ಇಳಿಸೋ ಅಂದ್ರೆ!"

ಸೋಸಿದ ಮೊದಲ ತುಂಡಿಗೆ ಉಪ್ಪು ಉದುರಿಸಿ, ಆರಿಸಿ, ಸ್ಮಿಲ್ಯಾಳ ಬಾಯಿಗಿಟ್ಟೆ. ವಾಸನೆಗೆ ನನ್ನ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ. ಕಟುಂ ಎಂದಿತು. ಅವಳು ಅಗಿದಳು, ನನ್ನ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು.

"ಪ್ರತಿ ವರ್ಷದ ಹಾಗೇ ಇದೆ ಅತ್ತೆ. ಆ ಶಬ್ದ ಕೇಳೋದನ್ನ ನನಗೂ ಕಲಿಸಿ. ಮುಂದಿನ ವರ್ಷ ನಾನು..."

"ಕಲಿಸ್ತೀನಿ, ಪಕ್ಕದಲ್ಲಿ ನಿಂತ್ಕೋ. ಆದ್ರೆ ಮುಂದಿನ ವರ್ಷಾನೂ ತಿರುವೋಳು ನಾನೇ," ಎಂದು ಸಟ್ಟುಗ ಒರೆಸಿದೆ. "ಮತ್ಯಾಕೆ ಆ ಹಾಳು ಮಾತ್ರೆ ನುಂಗ್ತಿದೀನಿ ಅಂದ್ಕೊಂಡೆ?"