ನಡುವಿನ ಸಾಲು ಮತ್ತೊಮ್ಮೆ

ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾಗಿದ್ದರೆ ಫ್ಯಾನಣ್ಣ ಇಷ್ಟು ಹೊತ್ತಿಗೆ ಬಂಗಾರದ ಅಂಗಡಿಯನ್ನೇ ಇಡಬಹುದಿತ್ತು. ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಈ ಮಹಾಶಯನಿಗೆ ಚಿಕ್ಕಂದಿನಿಂದ ಉಗ್ಗು. ಎದುರಿಗಿದ್ದವರ ಹತ್ತಿರ ಕೈಸನ್ನೆ ಬೆರೆಸಿ ಹೇಗೋ ನಿಭಾಯಿಸುತ್ತಿದ್ದ. ಫೋನಿನಲ್ಲಿ ಕೈಸನ್ನೆ ಯಾರಿಗೆ ಕಾಣಬೇಕು? ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಮೇಲೆ, ಅವಳು ಫೋನ್ ಮಾಡಿದಾಗಲೆಲ್ಲ ಬರೀ "ಹ್ಞೂಂ" ಎಂದು ಹೆಂಡತಿಯ ಕೈಗೆ ದಾಟಿಸಿಬಿಡುತ್ತಿದ್ದ.

"ನಾನು ಇಲ್ಲಿ ಕೆಲಸಕ್ಕೆ ಬಂದಿದ್ದು ಅಪ್ಪಂಗೆ ಇಷ್ಟ ಇಲ್ವಾ, ನನ್ನ ಮೇಲೆ ಕೋಪಾನಾ ಅಂತ ಕೇಳ್ತಾಳೆ ಕಣ್ರೀ," ಅಂದಳು ಹೆಂಡತಿ ಒಂದು ದಿನ. ಅವನು ಅಲ್ಲ ಅಲ್ಲವೆಂದು ಎರಡೂ ಕೈ ಆಡಿಸಿದ.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದೆ ವಿಡಿಯೊ ನೋಡುತ್ತ ಕೂತಿದ್ದ. ಒಂದರಲ್ಲಿ ಸಕ್ಕರೆ ಡಬ್ಬಿ ತೆರೆದಿದೆ. ಇರುವೆಯೊಂದು ಗೋಡೆ ಹತ್ತುತ್ತಿದೆ. ಮತ್ತೆ ಅದೇ ಇರುವೆ, ಅದೇ ಗೋಡೆ. ಕೊನೆಗೆ ಅಜ್ಜಿಯೊಬ್ಬಳು ನಾಲ್ಕು ಕಾಳು ಸಕ್ಕರೆ ಹೊರಗೆ ಉದುರಿಸಿ ಮುಚ್ಚಳ ಹಾಕಿದಳು. ಅಷ್ಟೇ.

ಇರುವೆ ಎರಡು ಸಲ ಯಾಕೆ ಹತ್ತಿತು? ರಿಪೇರಿಯವನ ಬುದ್ಧಿ ಇನ್ನೆಲ್ಲಿಗೆ ಹೋದೀತು! ಫೋನ್ ಕೆಟ್ಟಿದೆ ಅಂದುಕೊಂಡ. ಆಫ್ ಮಾಡಿ ಆನ್ ಮಾಡಿದ, ಬೆನ್ನಿಗೆರಡು ತಟ್ಟಿದ. ಇರುವೆ ಹಟ ಬಿಡಲಿಲ್ಲ. ಆ ವಿಡಿಯೊ ಮಾಡಿ ಹಾಕಿದ್ದ ಹೆಂಗಸಿನ ಬೇರೆ ವಿಡಿಯೊಗಳನ್ನೂ ನೋಡಿದ. ಸೂಜಿಗೆ ನೂಲು ಪೋಣಿಸುವುದು, ಬಸ್ಸಿನ ಹಿಂದೆ ಓಡುವುದು, ಎಲ್ಲದರಲ್ಲೂ ನಡುವಿನ ದೃಶ್ಯ ಎರಡೆರಡು ಸಲ. ತಲೆಗೆ ಹುಳ ಹೊಕ್ಕಿತು. ಆಮೇಲೆ ಬಂದ ಗಿರಾಕಿಯೊಬ್ಬಳು ಕರೆದು ಕರೆದು ಸಾಕಾಗಿ, ಮಿಕ್ಸಿ ಇಟ್ಟು ಬೈದುಕೊಂಡು ಹೋದಳು.

ಬೆರಳಿಗೆ ಉಗ್ಗಿಲ್ಲವಲ್ಲ, ವಿಡಿಯೊದ ಕೆಳಗೆ ಬರೆದು ಕೇಳಿಯೇಬಿಟ್ಟ: "ಮೇಡಂ, ಮಧ್ಯದ್ದು ಎರಡು ಸಲ ಬರ್ತಿದೆ. ನಿಮ್ಮ ಮಷೀನು ಕೆಟ್ಟಿದೆಯಾ?"

ಸಂಜೆಗೆ ಉತ್ತರ ಬಂತು: "ಕೆಟ್ಟಿಲ್ಲ ಅಣ್ಣ. ಇವು ತ್ರಿಪದಿಯ ಧಾಟಿಯ ವಿಡಿಯೊ. ಮೂರು ಸಾಲಿನ ಪದ ಹಾಡುವಾಗ ಎರಡನೇ ಸಾಲನ್ನ ಮತ್ತೊಮ್ಮೆ ಹಾಡ್ತಾರೆ. ಆಮೇಲೇ ಮೂರನೇದು. ಕೇಳೋರಿಗೆ ಬೇಜಾರಿಲ್ಲ, ಕಾಯ್ತಾರೆ."

ತ್ರಿಪದಿಯನ್ನು ಅವನೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ಒಪ್ಪಿಸಲು ನಿಂತಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಹೇಳಿದ್ದನ್ನೇ ಹೇಳುವುದಕ್ಕೆ ಹಾಡಿನಲ್ಲಿ ಜಾಗ ಉಂಟೆಂದು ಆಗ ಯಾರೂ ಹೇಳಿರಲಿಲ್ಲ. ಖುಷಿಗೋ ಸಿಟ್ಟಿಗೋ ಅವನ ಕಣ್ಣು ಒದ್ದೆಯಾಯಿತು.

ಭಾನುವಾರ ಮಗಳ ಫೋನ್ ಬಂತು. ಹೆಂಡತಿ ರೂಢಿಯಂತೆ ಕೈ ಚಾಚಿದಳು. ಅವನು ಕೊಡಲಿಲ್ಲ.

"ನಿ... ನಿನ್ನ ಮೇಲೆ... ನಿನ್ನ ಮೇಲೆ..." ಮೈಯೆಲ್ಲ ಬೆವರಿತು. "ನಿನ್ನ ಮೇಲೆ ಕೋ... ಕೋ..."

ಆ ಕಡೆ ಸದ್ದೇ ಇಲ್ಲ. ಕಟ್ಟಾಯಿತೇನೋ ಎಂದು ಹೆದರಿ ಹೆಂಡತಿಯ ಮುಖ ನೋಡಿದ.

"ಅಮ್ಮಂಗೆ ಕೊಡ್ಬೇಡಪ್ಪ," ಅಂದಳು ಮಗಳು. "ನಾನು ಕೇಳ್ತಾ ಇದೀನಿ."