ಉಮಾವತಿಗೆ ಹೊಸ ಹೆಡ್

ನಾನು ಹನ್ನೊಂದು ವರ್ಷ ಓಡಿಸಿದ ಬಸ್ಸಿನ ಹೆಸರು ‘ಉಮಾವತಿ’. ಕೊಡಿಯಾಲ್‌ಬೈಲಿನಿಂದ ಶಕ್ತಿನಗರಕ್ಕೆ ದಿನಕ್ಕೆ ನಾಲ್ಕು ಸಲ ಹೋಗುವುದು, ನಾಲ್ಕು ಸಲ ಬರುವುದು. ಬಿಕರ್ನಕಟ್ಟೆಯ ಏರಿನ ಬುಡ ಬಂದೊಡನೆ ಕಂಡಕ್ಟರ್ ಸುಂದರ ಬಾಯಿ ಬಿಡಬೇಕಾಗಿರಲಿಲ್ಲ. ಜನ ತಾವಾಗಿಯೇ ಇಳಿಯುತ್ತಿದ್ದರು. ಖಾಲಿ ಬಸ್ಸು ಕೆಮ್ಮುತ್ತಾ ಮೇಲೆ ಹೋಗಿ ನಿಲ್ಲುವುದು, ಇವರು ನಡೆದು ಬಂದು ಮತ್ತೆ ಹತ್ತುವುದು. ಗುರುವಾರ ಬಾಲಯೇಸುವಿನ ನೊವೆನಾ ಪ್ರಾರ್ಥನೆಗೆ ಹೋಗುವವರು ಆ ನಡಿಗೆಯನ್ನೂ ಹರಕೆಗೆ ಸೇರಿಸಿಕೊಂಡಿದ್ದರು. ನಗುವವರು ನಗಲಿ, ನನಗೆ ಮಾತ್ರ ದಿನಕ್ಕೆ ನಾಲ್ಕು ಸಲ ಮಾನ ಹೋದಂತಾಗುತ್ತಿತ್ತು.

ಎಂಬತ್ತಮೂರರ ನವೆಂಬರಿನಲ್ಲಿ ಬಸ್ಸಿನ ಧನಿ ಮೋಹನದಾಸ ಶೆಟ್ಟರು ನನ್ನನ್ನು ಕರೆಸಿದರು. ಬಸ್ಸಿಗೆ ಇಟ್ಟದ್ದು ಅವರ ತಾಯಿಯ ಹೆಸರು, ಆದರೂ ಅವರ ತಾಳ್ಮೆ ಮುಗಿದಿತ್ತು. ಬರುವ ಭಾನುವಾರ ಬಸ್ಸು ಭರ್ತಿ ಜನರೊಂದಿಗೆ ಏರು ಹತ್ತಬೇಕು, ಇಲ್ಲದಿದ್ದರೆ ಸೋಮವಾರ ಗುಜರಿಗೆ ಎಂದರು. ಉಳಿದ ಎರಡು ಬಸ್ಸುಗಳಿಗೆ ಡ್ರೈವರ್‌ಗಳು ಇದ್ದಾರೆ ಎಂಬುದನ್ನೂ ಮೆಲ್ಲನೆ ಸೇರಿಸಿದರು. ಬಸ್ಸಿನ ಜೊತೆಗೆ ಈ ಪೌಲ್ ಕೂಡ ಗುಜರಿಗೆ ಎಂದು ನೇರವಾಗಿಯೇ ಹೇಳಬಹುದಿತ್ತು.

ಸಿಟ್ಟಿನಲ್ಲಿ ಅಲ್ಲಿಂದ ಹೊರಟವನು ಬಸ್ಸನ್ನು ನೇರ ಕುದ್ರೋಳಿಗೆ, ರವೂಫನ ಗ್ಯಾರೇಜಿಗೆ ಒಯ್ದೆ. ಮಸ್ಕತ್‌ನಲ್ಲಿ ಆರು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿ ಬಂದವನು, ಈಗ ಮನೆಯ ಹಿಂದೆಯೇ ಶೆಡ್ ಹಾಕಿಕೊಂಡಿದ್ದ. ಬಾನೆಟ್ ಎತ್ತಿ ಬಹಳ ಹೊತ್ತು ಕಿವಿಗೊಟ್ಟ.

“ಎಂಜಿನಿಗೆ ಎಂತದೂ ಆಗಿಲ್ಲ ಪೌಲಣ್ಣ. ಉಸಿರು ಸಾಕಾಗುವುದಿಲ್ಲ, ಅಷ್ಟೆ. ಇದೇ ಕಂಪೆನಿಯ ಹೊಸ ಮಾಡೆಲಿನ ಹೆಡ್ ಒಂದು ನನ್ನ ಹತ್ರ ಉಂಟು. ಕೂರಿಸಿ ನೋಡುವನಾ?”

ಹೆಡ್ ಎಂದರೆ ಎಂಜಿನಿನ ಮೇಲ್ಭಾಗ. ಗಾಳಿ ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಅದರ ವಾಲ್ವುಗಳ ಮೂಲಕವೇ. ಚಾರ್ಮಾಡಿಯಲ್ಲಿ ಮಗುಚಿದ ಒಂದು ಲಾರಿಯಿಂದ ಅವನು ಬಿಚ್ಚಿ ತಂದಿದ್ದ ಹೆಡ್ಡಿನ ವಾಲ್ವುಗಳು ನಮ್ಮದಕ್ಕಿಂತ ಅಗಲವಾಗಿದ್ದವು. ಆದರೆ ನಮ್ಮ ಎಂಜಿನಿನ ಬುಡ, ಅಂದರೆ ಬ್ಲಾಕ್, ಹದಿನೈದು ವರ್ಷ ಹಳೆಯದು. ಅದರ ಮೇಲೆ ಇದನ್ನು ಕೂರಿಸುವುದು ಹುಚ್ಚು ಎಂದು ಬೇರೆ ಮೆಕ್ಯಾನಿಕ್‌ಗಳೆಲ್ಲ ಹೇಳಿದರು. ಬುದ್ಧಿವಂತರ ಮಾತು ಕೇಳುತ್ತಾ ಕೂರಲು ನನಗೆ ಪುರುಸೊತ್ತು ಇರಲಿಲ್ಲ.

ಗುರುವಾರ ಹಳೆಯ ಹೆಡ್ ಇಳಿಸಿ ಹೊಸದನ್ನು ಸರಪಳಿಯಲ್ಲಿ ಎತ್ತಿ ಇಟ್ಟೆವು. ಬೋಲ್ಟುಗಳು ಒಂದೊಂದಾಗಿ ತಮ್ಮ ತೂತಿಗೆ ಇಳಿದವು, ಕೊನೆಯದೂ ಇಳಿಯಿತು. ನಾನು ಕುಣಿಯುವುದೊಂದು ಬಾಕಿ. ರವೂಫ್ ಮಾತ್ರ ನಗಲಿಲ್ಲ. ಹೆಡ್ಡನ್ನು ಮತ್ತೆ ಎತ್ತಿ ಅದರ ಅಡಿಯಲ್ಲಿದ್ದ ಒಂದು ಸಣ್ಣ ತೂತನ್ನು ತೋರಿಸಿದ. ಮೇಲಿನ ಭಾಗಗಳಿಗೆ ಆಯಿಲ್ ಏರಬೇಕಾದ ದಾರಿ ಅದು. ನಮ್ಮ ಬ್ಲಾಕಿನಲ್ಲಿ ಅದಕ್ಕೆ ಎದುರಾಗಿ ತೂತೇ ಇರಲಿಲ್ಲ. ಆಯಿಲ್ ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಎಲ್ಲ ಸುಟ್ಟುಹೋಗುತ್ತದೆ. ನನ್ನ ಮುಖ ಸಪ್ಪಗಾಯಿತು. ಅವನು ಆ ತೂತನ್ನು ಮುಚ್ಚಿ, ಬ್ಲಾಕಿನ ಪಕ್ಕದಿಂದ ಹೆಡ್ಡಿನ ಮೇಲಕ್ಕೆ ತಾಮ್ರದ ಕೊಳವೆಯೊಂದನ್ನು ಹೊರಗಿನಿಂದಲೇ ಬಗ್ಗಿಸಿ ತಂದ. ಅಷ್ಟಕ್ಕೆ ಶುಕ್ರವಾರ ಕಳೆಯಿತು.

ನಿಜವಾದ ಭಯ ಇನ್ನೂ ಬಾಕಿ ಇತ್ತು. ಹೊಸ ವಾಲ್ವು ಕೆಳಗಿಳಿಯುವಾಗ ಹಳೆಯ ಪಿಸ್ಟನ್ ಮೇಲಕ್ಕೆ ಬಂದು ಎರಡೂ ಒಂದಕ್ಕೊಂದು ತಾಗಿದರೆ ಎಂಜಿನ್ ಪುಡಿಪುಡಿ. ನಡುವೆ ಎಷ್ಟು ಜಾಗ ಉಂಟೆಂದು ಕಣ್ಣಿಗೆ ಕಾಣುವುದಿಲ್ಲ. ಆ ರಾತ್ರಿಯೇ ರವೂಫ್ ಅಡುಗೆಮನೆಗೆ ಹೋಗಿ ತಾಯಿ ಐಸಮ್ಮ ರೊಟ್ಟಿಗೆಂದು ನಾದಿಟ್ಟ ಅಕ್ಕಿಹಿಟ್ಟಿನಿಂದ ದೊಡ್ಡದೊಂದು ಮುದ್ದೆ ಎತ್ತಿಕೊಂಡು ಬಂದ. ಬಸ್ಸಿಗೂ ಹಸಿವಾಯಿತೇ ಎಂದು ಕೇಳುತ್ತಾ ಅವರೂ ಹಿಂದೆಯೇ ಬಂದರು. ಆರು ಪಿಸ್ಟನ್‌ಗಳ ಮೇಲೂ ಎಣ್ಣೆ ಸವರಿದ ಹಿಟ್ಟು ಇಟ್ಟು, ಹೆಡ್ ಬಿಗಿದು, ಎಂಜಿನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದೆವು. ಐದರಲ್ಲಿ ವಾಲ್ವು ಒತ್ತಿದ ಜಾಗದಲ್ಲೂ ಹಿಟ್ಟು ಬೆಂಕಿಕಡ್ಡಿಯಷ್ಟು ದಪ್ಪ ಉಳಿದಿತ್ತು. ಮೂರನೆಯದರಲ್ಲಿ ಹಿಟ್ಟು ಹರಿದು ಪಿಸ್ಟನ್ ಕಾಣುತ್ತಿತ್ತು.

ಐಸಮ್ಮ ಬಗ್ಗಿ ನೋಡಿ, “ಇದೊಂದು ರೊಟ್ಟಿ ತೂತಾಗಿದೆ ಮಗಾ,” ಎಂದರು.

ಶನಿವಾರ ಇಡೀ ದಿನ ರವೂಫ್ ಆ ವಾಲ್ವು ಕೂರುವ ಜಾಗವನ್ನು ಕೂದಲೆಳೆಯಷ್ಟೇ ಕಡೆಯುವುದು, ಹಿಟ್ಟು ಇಟ್ಟು ನೋಡುವುದು, ಮತ್ತೆ ಕಡೆಯುವುದು. ನಾಲ್ಕನೆಯ ಸಲ ಹಿಟ್ಟು ಹರಿಯಲಿಲ್ಲ. ಎಲ್ಲವನ್ನೂ ಒರೆಸಿ, ಕೊನೆಯ ಬಾರಿ ಬಿಗಿದು, ನಾನು ಸ್ಟಾರ್ಟ್ ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು. ಕೆಮ್ಮಿಲ್ಲ, ದಮ್ಮಿಲ್ಲ, ಹರೆಯದವಳ ದನಿ.

ಭಾನುವಾರ ಬೆಳಿಗ್ಗೆ ಸುಂದರ ದಿನನಿತ್ಯದ ಪ್ರಯಾಣಿಕರನ್ನೆಲ್ಲ ಕರೆದು ಬಸ್ಸಿನಲ್ಲಿ ತುಂಬಿದ. ಧನಿ ಎದುರಿನ ಸೀಟಿನಲ್ಲಿ, ರವೂಫ್ ನನ್ನ ಪಕ್ಕ ಎಂಜಿನಿನ ಹತ್ತಿರ. ಏರಿನ ಬುಡದ ಸ್ಟಾಪಿನಲ್ಲಿ ನಿಲ್ಲಿಸಿದೆ, ಅಲ್ಲಿ ನಮ್ಮ ದಿನದ ಪ್ರಯಾಣಿಕೆ ಬರ್ನಡೆಟ್ ಬಾಯಿ ಹತ್ತುವವರಿದ್ದರು. ಬ್ರೇಕ್ ಬಿದ್ದದ್ದೇ ತಡ, ಧನಿ ಎದ್ದು ಪಂಚೆ ಸರಿಪಡಿಸಿಕೊಂಡು ಇಳಿದರು. ಅವರ ಹಿಂದೆ ಇಡೀ ಬಸ್ಸು ಇಳಿಯಿತು.

ನನ್ನ ಪಿತ್ತ ನೆತ್ತಿಗೇರಿತು. ನಾನೂ ಇಳಿದೆ.

“ಧನಿಗಳೇ, ಇವತ್ತು ಇಳಿಯಲಿಕ್ಕೆ ಬಂದದ್ದಲ್ಲ. ನೀವೇ ಇಳಿದರೆ ಇವಳನ್ನು ನಂಬುವುದು ಯಾರು? ಹತ್ತಿ.”

ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಹೀಗೆ ಹೇಳಿದ್ದಿಲ್ಲ. ರಸ್ತೆಯ ಮೇಲಿದ್ದ ತಮ್ಮ ಕಾಲುಗಳನ್ನು ನೋಡಿಕೊಂಡು, ನಾಚಿಕೆಯಿಂದ ಮೆಲ್ಲನೆ ಹತ್ತಿದರು. ಉಳಿದವರೂ ಹತ್ತಿದರು.

ಕ್ಲಚ್ ಬಿಟ್ಟೆ. ಬಸ್ಸು ಹೊರಟಿತು, ಎರಡನೇ ಗೇರಿಗೆ ಬಂತು, ಹತ್ತತೊಡಗಿತು. ಅರ್ಧ ಏರಿನಲ್ಲಿ ಸದ್ದು ತುಸು ತಗ್ಗಿತು. ಗೇರ್ ಮುಟ್ಟಬೇಡಿ ಎಂದು ರವೂಫ್ ಪಿಸುಗುಟ್ಟಿದ. ನಾನು ಮುಟ್ಟಲಿಲ್ಲ. ಸದ್ದು ಮತ್ತೆ ಏರಿತು, ಅದರೊಂದಿಗೆ ನಾವೆಲ್ಲ ಏರಿದೆವು. ಕಣ್ಣೆದುರು ಮೇಲೆದ್ದು ನಿಂತಿದ್ದ ರಸ್ತೆ ಒಮ್ಮೆಲೇ ಸಮತಟ್ಟಾಗಿ ಮುಂದೆ ಚಾಚಿಕೊಂಡಿತು.

ಅಲ್ಲಿ ನಾನು ಅಭ್ಯಾಸದಂತೆ ನಿಲ್ಲಿಸಿ, ಜನ ನಡೆದು ಬರಲೆಂದು ಕನ್ನಡಿಯಲ್ಲಿ ನೋಡಿದೆ. ರಸ್ತೆ ಖಾಲಿ ಇತ್ತು.

“ಎಂತ ಪೊರ್ಬುಗಳೇ,” ಎಂದರು ಧನಿ. ತುಳುವಿನಲ್ಲಿ ನಮ್ಮ ಕ್ರಿಶ್ಚಿಯನ್ನರಿಗೆ ಹೇಳುವ ಹೆಸರು ಅದು, ಅವರು ನನ್ನನ್ನು ಕರೆಯುವುದೇ ಹಾಗೆ. “ಇಲ್ಲಿ ಎಂತಕ್ಕೆ ನಿಲ್ಲಿಸಿದ್ದು? ನಾಳೆ ಹೀಗೆ ನಿಲ್ಲಿಸಿದರೆ ಟೈಮ್ ತಪ್ಪುತ್ತದೆ.”

ನಾಳೆ ಎಂದರು. ಸುಂದರ ಎರಡು ಸಲ ಸೀಟಿ ಊದಿದ. ಕಣ್ಣು ಒರೆಸಿಕೊಳ್ಳದೆ ರಸ್ತೆ ಕಾಣುವಂತಿರಲಿಲ್ಲ.