ಪೆಟ್ಟಿಗೆ ಎತ್ತುವವರು

“ಕಾಲ್ಮಧ್ಯೆ ಜೋತುಬೀಳೋದೇನಾದ್ರೂ ಐತೇನೆ ನಿಂಗೆ? ಇದ್ರೆ ತೋರ್ಸು. ಈ ವಾರದಿಂದ್ಲೇ ಗಂಟೆಗೆ ಮೂರು ಡಾಲರ್ ಜಾಸ್ತಿ ಕೊಡಿಸ್ತೀನಿ.”

ಮೇಸ್ತ್ರಿ ರುತಿಲಿಯೊ ಇದನ್ನು ಹೇಳಿದ್ದು ಪ್ಯಾಕಿಂಗ್ ಶೆಡ್ಡಿನಲ್ಲಿ, ಕರಬೂಜ ಸಾಗಿಬರುವ ಬೆಲ್ಟಿನ ಎದುರು, ಮೂವತ್ತು ಹೆಂಗಸರ ಮುಂದೆ. ಹೇಳಿಸಿಕೊಂಡವಳು ಎರ್ಮೆಲಿಂದಾ, ನನ್ನ ಹಾಗೇ ಮೆಕ್ಸಿಕೋದ ಓಹಾಕಾದಿಂದ ಕ್ಯಾಲಿಫೋರ್ನಿಯಾದ ಈ ಕಣಿವೆಗೆ ಕೂಲಿಗೆ ಬಂದವಳು. ಶೆಡ್ಡಿನಲ್ಲಿದ್ದ ಮೂರ್ನಾಲ್ಕು ಗಂಡಸರು ನಕ್ಕರು. ನಮ್ಮಲ್ಲೂ ಒಂದಿಬ್ಬರು ನಕ್ಕರು. ಅವಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಅಟ್ಟಿಯ ಮೇಲಿಟ್ಟು ಇನ್ನೊಂದಕ್ಕೆ ಬಗ್ಗಿದಳು.

ಮೇಸ್ತ್ರಿಯ ಭಾವಮೈದ ಜೂನ್‌ನಲ್ಲಿ ಕೆಲಸಕ್ಕೆ ಸೇರಿದ್ದ. ನಲವತ್ತು ಪೌಂಡಿನ ಪೆಟ್ಟಿಗೆಯನ್ನು ಸೊಂಟ ಹಿಡಿಯದ ಹಾಗೆ ಎತ್ತುವುದು ಹೇಗೆಂದು ಅವನಿಗೆ ಕಲಿಸಿದವಳೇ ಇವಳು. ಅವನ ಸಂಬಳದ ಚೀಟಿಯಲ್ಲಿ ‘ಲೋಡರ್’ ಎಂದಿತ್ತು, ಗಂಟೆಗೆ ಮೂರು ಡಾಲರ್ ಹೆಚ್ಚು. ಒಂಬತ್ತು ವರ್ಷ ಎತ್ತಿದ ಇವಳ ಚೀಟಿಯಲ್ಲಿ ‘ಪ್ಯಾಕರ್’. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಆ ಉತ್ತರ.

ಎರ್ಮೆಲಿಂದಾ ಒಂದು ದಿನ ಕೆಲಸ ಬಿಟ್ಟು, ಎರಡು ಬಸ್ಸು ಹಿಡಿದು ಕಾರ್ಮಿಕ ಕಚೇರಿಗೆ ಹೋದಳು. ನಾನೂ ಜೊತೆಗಿದ್ದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಕೊಡಬೇಕೆಂದು ರಾಜ್ಯದ ಕಾನೂನಿದೆ ಎಂದು ಕಿಟಕಿಯ ಹಿಂದಿದ್ದವನು ಮರ್ಯಾದೆಯಿಂದಲೇ ಹೇಳಿ ಅರ್ಜಿ ತೆಗೆದುಕೊಂಡ. ನಮ್ಮಲ್ಲಿ ಹೆಂಗಸರು ಭಾರ ಎತ್ತುವುದೇ ಇಲ್ಲ ಎಂದು ಕಂಪನಿ ಉತ್ತರ ಬರೆಯಿತು. ಆ ವಾರವೇ ಅವಳನ್ನು ಶೆಡ್ಡಿನ ಹಿಂದಿನ ಕೊಳೆತ ಹಣ್ಣಿನ ಗುಂಡಿಯ ಕೆಲಸಕ್ಕೆ ಹಾಕಿದರು. ದೂರು ಕೊಟ್ಟಿದ್ದಕ್ಕೇ ಹೀಗಾಯಿತೆಂದು ಹೇಳಲು ಮತ್ತೆ ಹೋದರೆ, ಅದಕ್ಕೆ ಬೇರೆ ಅರ್ಜಿ, ಬೇರೆ ಕಿಟಕಿ. ಅದನ್ನೂ ತುಂಬಿ ಬಂದಳು. ಹಂಗಾಮು ಮುಗಿದು ಇನ್ನೊಂದು ಹಂಗಾಮು ಬಂತು. ಅವಳು ನೊಣಗಳ ನಡುವೆ ಕೊಳೆ ಬಾಚುತ್ತಲೇ ಇದ್ದಳು.

ಕೊನೆಗೊಮ್ಮೆ ತನಿಖೆಗೆ ಬರುತ್ತೇವೆಂದು ಕಾಗದ ಬಂತು, ಕಂಪನಿಗೆ. ತನಿಖೆಯ ದಿನ ಬೆಳಿಗ್ಗೆ ಬೆಲ್ಟಿನ ಪಕ್ಕ ಮೂವತ್ತು ಹೊಸ ಸ್ಟೂಲುಗಳು. ಆ ಶೆಡ್ಡಿನಲ್ಲಿ ನಾನು ಕೂತದ್ದು ಅದೇ ಮೊದಲು. ಪೆಟ್ಟಿಗೆ ಎತ್ತಲು ಎಲ್ಲಿಂದಲೋ ಹತ್ತು ಗಂಡಸರನ್ನು ತಂದಿದ್ದರು.

“ಹಣ್ಣು ಒರಸ್ಕೊಂಡು ಮುಚ್ಕೊಂಡು ಕೂತಿರಿ,” ಎಂದ ರುತಿಲಿಯೊ. “ಈ ದೇಶದಾಗಿರೋಕೆ ಯಾರತ್ರ ಕಾಗದ ಐತೆ, ಯಾರತ್ರ ಇಲ್ಲ, ಎಲ್ಲಾ ನಂಗೊತ್ತು.”

ನನ್ನ ಹತ್ತಿರ ಇರಲಿಲ್ಲ.

ಅಧಿಕಾರಿ ವಯಸ್ಸಾದ ಹೆಂಗಸು, ನಮ್ಮ ಮಾತು ಬಲ್ಲವಳು. ಮೇಸ್ತ್ರಿಗೆ ದೂರ ಹೋಗಲು ಹೇಳಿದಳು. ಅವನು ಹತ್ತು ಹೆಜ್ಜೆ ಹೋಗಿ ನನ್ನನ್ನೇ ನೋಡುತ್ತ ನಿಂತ. ನೀವು ಪೆಟ್ಟಿಗೆ ಎತ್ತುತ್ತೀರಾ ಎಂದು ಕೇಳಿದಳು. ಇಲ್ಲ ಎಂದೆ. ಬರೆದುಕೊಂಡಳು.

ಆಗ ಹಿಂಬಾಗಿಲಿಂದ ಎರ್ಮೆಲಿಂದಾ ಬಂದಳು. ಮೊಣಕಾಲವರೆಗೆ ಕೊಳೆ, ಮೈತುಂಬ ಹುಳಿನಾತ. ಯಾರನ್ನೂ ನೋಡದೆ ತುಂಬಿದ ಪೆಟ್ಟಿಗೆ ಎತ್ತಿ ಅಟ್ಟಿಯ ಮೇಲಿಟ್ಟಳು. ಇನ್ನೊಂದು. ಮತ್ತೊಂದು. ಬಾಡಿಗೆ ಗಂಡಸರು ತಾವಾಗಿ ದಾರಿ ಬಿಟ್ಟರು.

“ಲೇ ಬೋಸುಡಿ, ಇಳ್ಸೇ ಅದನ್ನ,” ಎಂದು ರುತಿಲಿಯೊ ಕೂಗಿದ.

“ನಿನ್ ಭಾವಮೈದನ್ನ ಕರಿ, ಇಳಿಸ್ಲಿ,” ಎಂದಳು. “ಇಳಿಸೋದ್ನೂ ನಾನೇ ಕಲ್ಸಿವ್ನಿ.”

ನನಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ತಿಳಿಯದು. ಸ್ಟೂಲು ಒದ್ದು ಎದ್ದೆ. ಪೆಟ್ಟಿಗೆ ಎತ್ತಿ ಹೆಗಲೆತ್ತರದ ಸಾಲಿಗೆ ಸೇರಿಸಿದೆ. ಈಗಷ್ಟೇ ಇಲ್ಲ ಎಂದಿರಿ, ಯಾವುದನ್ನು ಬರೆದುಕೊಳ್ಳಲಿ ಎಂದು ಅಧಿಕಾರಿ ಕೇಳಿದಳು.

“ಎರಡೂ ಬರ್ಕೊಳ್ಳಮ್ಮಾ. ಮೊದ್ಲು ಯಾಕ್ ಸುಳ್ಳು ಹೇಳ್ದೆ ಅನ್ನೋದ್ನೂ ಬರ್ಕೊ. ನನ್ ಹೆಸ್ರು ಒಬ್ದೂಲಿಯಾ.”

ತೀರ್ಮಾನಕ್ಕೆ ಇನ್ನೂ ಕಾಲ ಹಿಡಿಯುತ್ತದೆ ಎಂದು ಹೇಳಿ ಅವಳು ಹೋದಳು.

ಮರುದಿನ ಸ್ಟೂಲುಗಳೂ ಇರಲಿಲ್ಲ, ಬಾಡಿಗೆ ಗಂಡಸರೂ ಇರಲಿಲ್ಲ. ನನ್ನನ್ನು ಗುಂಡಿಗೆ ಕಳಿಸಿದರು. ಅದಕ್ಕೆ ಬಾಯಿ ತೆರೆದ ಇಬ್ಬರನ್ನು ಕಳಿಸಿದರು, ಅವರ ಪರ ಮಾತಾಡಿದ ಐವರನ್ನು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಉಳಿದವರು ಯಾರೂ ಕಳಿಸದೆಯೇ ಬಂದರು. ಕೊಳೆಯಲ್ಲಿ ಸಾಲಾಗಿ ನಿಂತು ಬಾಚತೊಡಗಿದೆವು. ಒಳಗೆ ಬೆಲ್ಟು ಓಡುತ್ತಲೇ ಇತ್ತು. ತುಂಬಿ ಎತ್ತುವವರಿಲ್ಲದೆ ಕರಬೂಜಗಳು ಒಂದೊಂದಾಗಿ ಸಿಮೆಂಟಿನ ಮೇಲೆ ಬಿದ್ದು ಒಡೆಯುವ ಸದ್ದು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು.